ಚೆನ್ನಾಗಿ ಉರಿದ ಕುಲುಮೆ

ಕಣ್ಣಕ್ಕನ ಕೈಗೆ ನೀರಿನ ಲೋಟ ಕೊಟ್ಟರೆ ಅವಳು ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಆಮೇಲೆ ಕುಡಿಯುತ್ತಿದ್ದಳು. ಯಾರ ಮನೆಗೆ ಹೋದರೂ ಇದೇ ಚಾಳಿ. ಲೋಟವನ್ನು ಕಿಟಕಿಯ ಕಡೆ ಎತ್ತಿ, ಒಂದು ಕಣ್ಣು ಕಿರಿದು ಮಾಡಿ, ಬೆರಳಲ್ಲೇ ಒಂದು ಸುತ್ತು ತಿರುಗಿಸಿ, "ತಳದಲ್ಲಿ ಎಳೆ ಬಿಟ್ಟಿದೆ ನೋಡಿ, ಬಿಸಿ ಹಾಕ್ಬೇಡಿ, ಸೀಳುತ್ತೆ" ಅನ್ನುತ್ತಿದ್ದಳು. ಬೀದಿಗೆ ಹೊಸದಾಗಿ ಬಂದವರಿಗೆ ಸಿಟ್ಟು ಬರುತ್ತಿತ್ತು. ಹಳಬರು ನಗುತ್ತಿದ್ದರು. "ಗಂಡನ್ನೂ ಹಂಗೇ ಬೆಳಕಿಗೆ ಹಿಡಿದು ನೋಡಿ ಒಪ್ಪಿದ್ದು ಇವಳು" ಎಂದು ಮೂಲೆ ಅಂಗಡಿಯವನು ರೇಗಿಸಿದರೆ ಅವಳು ಸುಮ್ಮನಿರುವವಳಲ್ಲ. "ಹೌದಪ್ಪಾ. ಗುಳ್ಳೆ ಇರ್ಲಿಲ್ಲ, ಸೀಳು ಇರ್ಲಿಲ್ಲ. ಒಂಚೂರು ಓರೆ ಇತ್ತು, ಹೋಗ್ಲಿ ಪಾಪ ಅಂತ ಬಿಟ್ಟೆ" ಎಂದು ತಿರುಗೇಟು ಕೊಡುತ್ತಿದ್ದಳು.

ಗಾಜಿನ ಕಾರ್ಖಾನೆಯ ಆಯುವ ಕೋಣೆಯಲ್ಲಿ ಅವಳು ಹುಡುಗಿಯಾಗಿದ್ದಾಗ ಕೂತ ಸ್ಟೂಲಿನ ಮೇಲೆಯೇ ತಲೆಗೂದಲು ನರೆಯುವವರೆಗೂ ಕೂತಿದ್ದಳು. ಎದುರಿಗೆ ಹಾಲುಬಣ್ಣದ ಬೆಳಕಿನ ಮೇಜು. ಅದರ ಮುಂದೆ ಓಡುವ ಪಟ್ಟಿಯ ಮೇಲೆ ಸಾಲುಸಾಲಾಗಿ ಬಾಟಲಿಗಳು ಬರುತ್ತಿದ್ದವು. ಗುಳ್ಳೆ, ಕಲ್ಲು, ಎಳೆ, ಸೀಳು, ಓರೆ ಕತ್ತು, ಹೀಗೆ ಗಾಜಿಗೆ ಅಂಟುವ ರೋಗಗಳೆಲ್ಲ ಅವಳಿಗೆ ನೆಂಟರಂತೆ ಪರಿಚಿತ. ರೋಗ ಕಂಡ ಕೂಡಲೇ "ಬೇಡ" ಅನ್ನುತ್ತಿದ್ದಳು. ಬಾಟಲಿ ಪಕ್ಕದ ಕಬ್ಬಿಣದ ತೊಟ್ಟಿಗೆ ಬಿದ್ದು ಛಳ್ ಎನ್ನುತ್ತಿತ್ತು. ಆ ಸದ್ದಿಗೆ ಕೋಣೆಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಒಡೆದ ಗಾಜು ಸಂಜೆಗೆ ಕುಲುಮೆಗೆ ಹೋಗುತ್ತಿತ್ತು, ಮಾರನೆಯ ದಿನ ಹೊಸ ಬಾಟಲಿಯಾಗಿ ಅದೇ ಪಟ್ಟಿಯ ಮೇಲೆ ಅವಳ ಮುಂದೆ ಬರುತ್ತಿತ್ತು. ಆದ್ದರಿಂದ ಒಡೆದದ್ದು ಹಾಳಾಯಿತು ಎಂಬ ಮಾತೇ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ಲೋಟ ಬಿದ್ದು ಒಡೆದರೂ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಬುತ್ತಿಯ ಜೊತೆ ಕಾರ್ಖಾನೆಗೆ ಒಯ್ಯುತ್ತಿದ್ದಳು.

ಅವಳ ಗಂಡ ಆ ಕುಲುಮೆಯನ್ನು ಕಾಯುವವನು. ಕೆಂಡಣ್ಣ ಎಂದರೆ ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಹುಬ್ಬು ಸುಟ್ಟು ಸುಟ್ಟು ಕೂದಲು ಬರುವುದನ್ನೇ ಬಿಟ್ಟಿತ್ತು, ಅದರಿಂದ ಅವನ ಮುಖ ಯಾವಾಗಲೂ ಏನೋ ಆಶ್ಚರ್ಯ ಕೇಳಿದ ಹಾಗೆ ಕಾಣುತ್ತಿತ್ತು. ಮನೆಯ ಒಲೆಯ ಮೇಲೆ ಹಾಲು ಉಕ್ಕಿ ನೆಲಕ್ಕೆ ಹರಿದರೂ ಆ ಮಹಾರಾಯನಿಗೆ ತಿಳಿಯುತ್ತಿರಲಿಲ್ಲ. ಆದರೆ ಕಾರ್ಖಾನೆಯ ಚಿಮಣಿಯ ಹೊಗೆಯ ಬಣ್ಣ ಕೂದಲೆಳೆಯಷ್ಟು ಬದಲಾದರೆ ಕೈಯಲ್ಲಿದ್ದ ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದು ಓಡುತ್ತಿದ್ದ.

ಓಡಲು ಕಾರಣವಿತ್ತು. ಗಾಜಿನ ಕುಲುಮೆ ಆರಬಾರದು. ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಹಗಲಿರುಳು ಉರಿಯುತ್ತಲೇ ಇರಬೇಕು. ಕೆಲಸವಿಲ್ಲದಿದ್ದರೆ ಸಣ್ಣ ಉರಿಯಲ್ಲಿ ಇಟ್ಟುಕೊಂಡು, ಒಳಗಿನ ಗಾಜು ಕರಗಿಯೇ ಇರುವಷ್ಟು ಎಣ್ಣೆ ಕೊಡುತ್ತಿರಬಹುದು. ಪೂರ್ತಿ ಆರಿಸಿದರೆ ಮಾತ್ರ ಮುಗಿಯಿತು. ಇಟ್ಟಿಗೆಗಳು ತಣ್ಣಗಾಗುತ್ತ ಬಿರಿಯುತ್ತವೆ, ತಳದಲ್ಲಿ ಉಳಿದ ಗಾಜು ಬಂಡೆಯಾಗುತ್ತದೆ. ಮತ್ತೆ ಹಚ್ಚುವ ಮಾತಿಲ್ಲ, ಬುಡದಿಂದ ಹೊಸದಾಗಿ ಕಟ್ಟಬೇಕು.

ಆಮೇಲೆ ಆ ಕೆಟ್ಟ ಕಾಲ ಬಂತು. ಎಲ್ಲಿ ಶುರುವಾಯಿತೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ದೂರದ ಯಾವುದೋ ದೊಡ್ಡ ಬ್ಯಾಂಕು ಮುಳುಗಿತು ಅಂದರು, ಜನ ಸಾಮಾನು ಕೊಳ್ಳುವುದನ್ನು ನಿಲ್ಲಿಸಿದ್ದಾರೆ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಬರೆ ಬಂದು ಬಿದ್ದದ್ದು ಇವರ ಬೆನ್ನ ಮೇಲೆ. ಔಷಧಿಯವರು ಅಗ್ಗದ ಪ್ಲಾಸ್ಟಿಕ್ಕಿಗೆ ಹೋದರು. ಅತ್ತರಿನವರು ಅಂಗಡಿಯನ್ನೇ ಮುಚ್ಚಿದರು. ಹಣ್ಣಿನ ರಸದವರು ಫೋನು ಎತ್ತುವುದನ್ನು ಬಿಟ್ಟರು. ಕೊಳ್ಳುವವರಿಲ್ಲದ ಬಾಟಲಿಗಳು ಅಂಗಳದಲ್ಲಿ ಗೋಡೆಯ ಎತ್ತರಕ್ಕೆ ಪೇರಿಸಿ ನಿಂತವು, ಅವುಗಳ ಮೇಲೆ ಧೂಳು ಕೂತಿತು. ಬಾಟಲಿ ಮಾಡುವ ಯಂತ್ರಗಳ ಮೂರು ಸಾಲುಗಳಲ್ಲಿ ಎರಡು ನಿಂತುಹೋದವು. ಮೂರನೆಯದೂ ನಿಂತಿತು. ಕೆಂಡಣ್ಣ ಕುಲುಮೆಯನ್ನು ಸಣ್ಣ ಉರಿಗೆ ಇಳಿಸಿದ. ಅವತ್ತು ಮನೆಗೆ ಬಂದು, ಕಾಯಿಲೆಯ ಮಗುವನ್ನು ಮಲಗಿಸಿ ಬಂದವನ ಹಾಗೆ ದನಿ ತಗ್ಗಿಸಿ ಮಾತಾಡಿದ.

ಎಣ್ಣೆ ಟ್ಯಾಂಕಿನಲ್ಲಿ ಇದ್ದದ್ದು ಕೊನೆಯ ದಾಸ್ತಾನು. ಯಜಮಾನರು ಇನ್ನು ತರಿಸುವುದಿಲ್ಲ ಎಂದು ಕೈ ಎತ್ತಿಬಿಟ್ಟಿದ್ದರು. ಸಣ್ಣ ಉರಿಯಾದರೆ ಋತು ಬದಲಾಗುವವರೆಗೂ ತಡೆಯುತ್ತಿತ್ತು. ಅಷ್ಟರಲ್ಲಿ ಸುದ್ದಿ ಬಂತು. ಮುಳುಗುತ್ತಿರುವ ಕಾರ್ಖಾನೆಗಳಲ್ಲಿ ಕೆಲವನ್ನು ಸರ್ಕಾರ ಎತ್ತಿಹಿಡಿಯುತ್ತದಂತೆ, ಒಂದು ಸಮಿತಿ ಬಂದು ನೋಡಿ ನಿರ್ಧಾರ ಮಾಡುತ್ತದಂತೆ. ಸರ್ಕಾರ ಅಂದರೆ ಅಲ್ಲಿಯವರೆಗೆ ಇವರ ಪಾಲಿಗೆ ಚುನಾವಣೆಯ ಸಮಯದಲ್ಲಿ ಗೋಡೆಯ ಮೇಲೆ ನಗುವ ಒಂದು ಮುಖ, ಅಷ್ಟೇ. ಆ ಮುಖಕ್ಕೆ ಕೈಯೂ ಇರಬಹುದು, ಅದು ತಮ್ಮ ಕಡೆಗೂ ಚಾಚಬಹುದು ಎಂದು ಅವರು ಮೊದಲ ಸಲ ಯೋಚಿಸಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಈ ಸುದ್ದಿಗೆ ಖುಷಿಪಡದವನು ಒಬ್ಬನೇ, ಕಣ್ಣಕ್ಕನ ತಮ್ಮ. ಅವನು ದರ್ಜಿ. ರಜೆಯ ದಿನ ಮಧ್ಯಾಹ್ನ ಅಕ್ಕನ ಮನೆಗೆ ಬರುವುದು, ಊಟ ಮಾಡುವುದು, ಭಾವನ ಜೊತೆ ವಾದ ಮಾಡುವುದು, ಹೊರಡುವಾಗ ಭಾವನ ಅಂಗಿಯ ಬಿದ್ದ ಗುಂಡಿ ಹೊಲಿದು ಕೊಡುವುದು ಅವನ ಪದ್ಧತಿ. ಹಿಂದಿನ ವರ್ಷ ಅವನ ಅಂಗಡಿ ಮುಚ್ಚಿಹೋಗಿತ್ತು. ಈಗ ಒಂದು ದೊಡ್ಡ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪರರು ಹೊಲಿದ ಪ್ಯಾಂಟುಗಳ ಕಾಲು ಕತ್ತರಿಸುತ್ತಿದ್ದ.

"ನನ್ನ ಅಂಗಡಿ ಮುಚ್ಚಿದಾಗ ಯಾವ ಸಮಿತಿ ಬಂತು ಭಾವ?" ಎಂದ ಅವತ್ತು. "ಒಬ್ಬ ಗುಮಾಸ್ತನೂ ಇಣುಕಿ ನೋಡ್ಲಿಲ್ಲ. ನಾನು ಕೊಳ್ಳೋ ದಾರದ ಉಂಡೆ ಮೇಲೂ ತೆರಿಗೆ ಇದೆ. ಅದ್ರಲ್ಲಿ ನಿಮ್ಮ ಯಜಮಾನನ ಕುಲುಮೆ ಉರೀಬೇಕಾ?"

"ಯಜಮಾನನ ಕುಲುಮೆ ಅಲ್ಲಪ್ಪ ಅದು, ನಾನ್ನೂರು ಮನೆ ಒಲೆ" ಎಂದ ಕೆಂಡಣ್ಣ. "ಲಾಭ ಬಂದಾಗ ಯಜಮಾನ ತಿಂದ, ಒಪ್ಕೋತೀನಿ. ಈಗ ಅವನಿಗೋಸ್ಕರ ಕೇಳ್ತಿಲ್ಲ. ಅಂಗಡಿ ಮುಚ್ಚಿದ್ರೆ ಮತ್ತೆ ತೆಗೀಬಹುದು. ಕುಲುಮೆ ಆರಿದ್ರೆ ಆರಿದ್ದೇ. ನಿನ್ನ ಹೊಲಿಗೆ ಮಿಷನ್ನು ಹತ್ತು ವರ್ಷ ಬೀಗ ಹಾಕಿಟ್ರೂ ಮಿಷನ್ನೇ ತಾನೆ?"

"ಮಿಷನ್ ಮಾರ್ಬಿಟ್ಟೆ ಭಾವ" ಎಂದ ತಮ್ಮ.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು, ಅದೇ ತೊಂದರೆ. ಸುಳ್ಳು ಹೇಳುವವನ ಜೊತೆ ಜಗಳವಾಡಿ ಗೆಲ್ಲಬಹುದು, ನಿಜ ಹೇಳುವವರಿಬ್ಬರು ಎದುರುಬದುರು ಕೂತರೆ ಅಲ್ಲಿ ಗೆಲ್ಲುವವರು ಯಾರು? ಕಣ್ಣಕ್ಕ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ಎದೆಯಲ್ಲಿ ಒಂದು ಮುಳ್ಳು ಆಡಿತು. ಅಂಗಡಿ ಇನ್ನೂ ಉಸಿರಾಡುತ್ತಿದ್ದಾಗ ತಮ್ಮ ಅವಳ ಹತ್ತಿರ ಬಂದಿದ್ದ. ಕಾರ್ಖಾನೆಯ ಏಪ್ರನ್‌ಗಳನ್ನು ಹೊಲಿಯುವ ಕೆಲಸ ತನಗೆ ಕೊಡಿಸಲು ಮ್ಯಾನೇಜರಿಗೆ ಒಂದು ಮಾತು ಹೇಳು ಎಂದು ಕೇಳಿದ್ದ. ಕೇಳುವಾಗ ಅವನ ಮುಖ ನೆಲ ನೋಡುತ್ತಿತ್ತು, ಕಿವಿ ಕೆಂಪಾಗಿತ್ತು. ಅವನು ಅಷ್ಟು ಕುಗ್ಗಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ನೋಡಲಾಗದೆ ಅವಳು ಗದರಿಬಿಟ್ಟಿದ್ದಳು. "ಯಾರ ಮುಂದೂ ಕೈ ಚಾಚ್ಬೇಡ ಕಣೋ. ಹೇಗೋ ನಡೆಸ್ಕೊಂಡು ಹೋಗು" ಎಂದಿದ್ದಳು. ಅವನು ಹೂಂಗುಟ್ಟಿ ಹೋಗಿದ್ದ. ಅಂಗಡಿ ನಡೆಯಲಿಲ್ಲ.

ಸಮಿತಿ ಬರುವ ವಾರ ಮ್ಯಾನೇಜರು ಎಲ್ಲರನ್ನೂ ಅಂಗಳಕ್ಕೆ ಕರೆದರು. ಒಳ್ಳೆಯ ಮನುಷ್ಯ, ಆದರೆ ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಡುವ ಸ್ವಭಾವ. "ಹೆಂಗೆ ತೋರ್ಸೋಣ?" ಎಂದು ಇವರನ್ನೇ ಕೇಳಿದರು. "ಇದ್ದದ್ದನ್ನ ಇದ್ದ ಹಾಗೇ ಬಿಡೋಣ್ವಾ? ಸಣ್ಣ ಉರಿ, ನಿಂತಿರೋ ಸಾಲು, ಧೂಳು?"

"ಛೇ!" ಎಂದ ಕೆಂಡಣ್ಣ. "ಮನೆಗೆ ಬರೋರಿಗೆ ಯಾರಾದ್ರೂ ಹರಿದ ಚಾಪೆ ಹಾಸ್ತಾರಾ? ಈ ಉರೀಲಿ ನನ್ನ ಕುಲುಮೆ ನೋಡಿ ಹೋದ್ರೆ ಸಾವಿನ ಮನೆಗೆ ಬಂದು ಹೋದಂಗೆ."

ಕಣ್ಣಕ್ಕನೂ ದನಿಗೂಡಿಸಿದಳು. "ಮುರುಕಲು ನೋಡಿದ್ರೆ ಇದು ಬದುಕೋ ಪೈಕಿ ಅಲ್ಲ ಅಂತ ಎದ್ದು ಹೋಗ್ತಾರೆ. ಒಡಕು ಬಾಟ್ಲಿ ಯಾರು ಕೊಳ್ತಾರೆ?"

ಅವಳ ಮಾತು ಎಲ್ಲರಿಗೂ ಸರಿ ಎನಿಸಿತು. ಯಾಕೆ ಎನಿಸಿತು ಎಂದರೆ, ಆ ಕಾರ್ಖಾನೆಯವರು ಹುಟ್ಟಿದಾಗಿನಿಂದ ಹೊರಗಿನಿಂದ ಬಂದವರೆಂದು ನೋಡಿದ್ದು ಗಿರಾಕಿಗಳನ್ನು ಮಾತ್ರ. ಗಿರಾಕಿ ಬರುವ ದಿನ ನೆಲ ತೊಳೆಯುವುದು, ಒಡಕಿನ ತೊಟ್ಟಿಗೆ ಬಟ್ಟೆ ಮುಚ್ಚುವುದು, ಮೂರೂ ಸಾಲು ಓಡಿಸುವುದು, ಯಾರು ಏನು ಕೇಳಿದರೂ ನಗುತ್ತ ಉತ್ತರ ಹೇಳುವುದು. ಅಪ್ಪಂದಿರು ಮಕ್ಕಳಿಗೆ ಕಲಿಸಿ ಹೋದ ವಿದ್ಯೆ ಇದು. ಕೊಳ್ಳಲು ಬಂದವನಿಗೆ ಸರಕು ತೋರಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಕಾಪಾಡಲು ಬಂದವನಿಗೆ ಗಾಯ ತೋರಿಸುವುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪೂರ್ತಿ ಉರಿ ಹಾಕಿದರೆ ಉಳಿದ ಎಣ್ಣೆಯಲ್ಲಿ ಮುಕ್ಕಾಲು ಪಾಲು ಹೋಗುತ್ತದೆ ಎಂದು ಮ್ಯಾನೇಜರು ತಲೆ ಕೆರೆದುಕೊಂಡರು. "ಸಹಾಯ ಬಂದ್ಮೇಲೆ ಎಣ್ಣೆ ಬರಲ್ವಾ?" ಎಂದ ಕೆಂಡಣ್ಣ. "ನಿಮ್ಮಿಷ್ಟ" ಎಂದರು ಮ್ಯಾನೇಜರು, ಎಂದಿನಂತೆ.

ಕಣ್ಣಕ್ಕ ಅವತ್ತೇ ಸಂಜೆ ಮ್ಯಾನೇಜರ ಹತ್ತಿರ ಹೋಗಿ, ವರ್ಷದ ಹಿಂದೆ ಆಡಬೇಕಿದ್ದ ಮಾತನ್ನು ಆಡಿದಳು. ಸಮಿತಿ ಬರುವ ದಿನಕ್ಕೆ ಬೇಕಾದ ಹೊಸ ಏಪ್ರನ್‌ಗಳನ್ನು ಹೊಲಿಯುವ ಕೆಲಸ ತಮ್ಮನಿಗೆ ಸಿಕ್ಕಿತು. ಅವನು ಯಾರದೋ ಮಿಷನ್ನು ಎರವಲು ತಂದು ಅಕ್ಕನ ಮನೆಯ ಕಿಟಕಿಯ ಕೆಳಗೆ ಕೂತು ನೀಲಿ ಬಟ್ಟೆ ಹೊಲಿದ. ಹೊಲಿಯುತ್ತ ಗೊಣಗಿದ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ಕಣ್ಣಕ್ಕ ನಕ್ಕಳು. "ಹೂವು ನೋಡಿಯಾದ್ರೂ ಯಾರಾದ್ರೂ ಹಿಟ್ಟು ಕೊಡ್ಲಿ ಬಿಡೋ." ಆ ನಗುವನ್ನು ಮುಂದೆ ಅವಳು ಎಷ್ಟು ಸಲ ಶಪಿಸಿಕೊಂಡಳೋ.

ಸಮಿತಿ ಬಂದ ದಿನ ಕುಲುಮೆಯ ಕಿಂಡಿಯಲ್ಲಿ ಬಿಳಿ ಬೆಳಕು ನೋಡಲಾಗದಷ್ಟು ಉರಿಯುತ್ತಿತ್ತು. ಕಿತ್ತಳೆ ಬಣ್ಣದ ಗಾಜಿನ ತುಂಡುಗಳು ಅಚ್ಚಿನೊಳಗೆ ಧಪಧಪನೆ ಬಿದ್ದು, ಬಾಟಲಿಗಳಾಗಿ ಎದ್ದು, ಮೂರೂ ಸಾಲಿನಲ್ಲಿ ಮೆರವಣಿಗೆ ಹೊರಟವು. ಕೊಳ್ಳುವವರಿಲ್ಲದ ಬಾಟಲಿಗಳು ಎಂದು ಅವಕ್ಕೇನು ಗೊತ್ತು! ಅಂಗಳದಲ್ಲಿ ಧೂಳು ಹಿಡಿದಿದ್ದ ರಾಶಿಯನ್ನು ಹಿಂದಿನ ದಿನವೇ ತೊಳೆದು ಟಾರ್ಪಾಲು ಹೊದಿಸಿದ್ದರು. ಹೆಂಗಸರು ಹೊಸ ನೀಲಿ ಏಪ್ರನ್ ತೊಟ್ಟು ಸ್ಟೂಲುಗಳ ಮೇಲೆ ನೆಟ್ಟಗೆ ಕೂತರು. ಬಹಳ ದಿನದ ಮೇಲೆ ಗೋಡೆ, ನೆಲ, ಗಾಳಿ ಎಲ್ಲ ಬಿಸಿಯಾಗಿ, ಕಾರ್ಖಾನೆ ಮೊದಲಿನಂತೆ ಗುಡುಗುತ್ತಿತ್ತು. ಕೆಂಡಣ್ಣನ ಮುಖ ಕೆಂಪಗೆ ಹೊಳೆಯುತ್ತಿತ್ತು. ಸತ್ಯ ಹೇಳಬೇಕೆಂದರೆ ಅವರೆಲ್ಲ ಅವತ್ತು ಸಂತೋಷವಾಗಿದ್ದರು. ತಾವು ಹೂಡಿದ ನಾಟಕವನ್ನು ತಾವೇ ನಂಬಿಬಿಟ್ಟಿದ್ದರು.

ಸಮಿತಿಯ ಗಂಡಸರು ಯಂತ್ರಗಳನ್ನು ನೋಡುತ್ತ ಮುಂದೆ ಹೋದರು. ಅವರ ಮುಖ್ಯಸ್ಥೆ ಮಾತ್ರ ಆಯುವ ಕೋಣೆಯಲ್ಲಿ ಹಿಂದೆ ಉಳಿದಳು. ನಡುವಯಸ್ಸಿನ ಹೆಂಗಸು. ಬೂಟು ಕಚ್ಚುತ್ತಿತ್ತೋ ಏನೋ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಕಣ್ಣಕ್ಕ ಪಕ್ಕದ ಸ್ಟೂಲು ಎಳೆದುಕೊಟ್ಟಳು. ಅವಳು ಉಸ್ಸೆಂದು ಕೂತು, ಪಟ್ಟಿಯ ಮೇಲಿಂದ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ನನಗೇನೂ ಕಾಣ್ತಿಲ್ಲ. ನಿಮಗೆ?"

"ಭುಜದ ಹತ್ರ ನೋಡಿ, ಗುಳ್ಳೆ."

"ಅಬ್ಬಾ! ಮನೆಯಲ್ಲಿ ನಿಮ್ಮ ಕಣ್ಣು ತಪ್ಪಿಸಿ ಏನೂ ಮಾಡೋ ಹಾಗಿಲ್ಲ ಅನ್ನಿ" ಎಂದು ನಕ್ಕಳು ಆಕೆ. ಆಮೇಲೆ ಮ್ಯಾನೇಜರು ದೂರ ಇದ್ದಾರೆಯೇ ಎಂದು ತಿರುಗಿ ನೋಡಿ, ದನಿ ಇಳಿಸಿದಳು. "ಅಮ್ಮಾ, ನೀವೊಬ್ರು ನಿಜ ಹೇಳಿ. ನಾವು ಏನೂ ಕೊಡ್ಲಿಲ್ಲ ಅಂತಿಟ್ಕೊಳ್ಳಿ. ಆಗ ಏನಾಗುತ್ತೆ?"

ಕೇಳಿದ ದನಿಯಲ್ಲಿ ಕಪಟವಿರಲಿಲ್ಲ. ಆಕೆ ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಕಣ್ಣಕ್ಕನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಸಾಯ್ತೀವಿ ತಾಯಿ, ಇದೆಲ್ಲ ನಿಮಗೋಸ್ಕರ ಹಚ್ಚಿದ ಉರಿ, ಟ್ಯಾಂಕಲ್ಲಿ ಎಣ್ಣೆ ಮುಗೀತಾ ಬಂದಿದೆ. ಇಷ್ಟೇ ಹೇಳಬೇಕಿತ್ತು. ಆದರೆ ಬಾಗಿಲಲ್ಲಿ ಕೆಂಡಣ್ಣ ಬಂದು ನಿಂತು ನೋಡುತ್ತಿದ್ದ. ಈಚೆ ಕಡೆ ಹೊಸ ಏಪ್ರನ್ನಿನ ಹೆಂಗಸರು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಕಣ್ಣಕ್ಕನಿಗೆ ಇದ್ದಕ್ಕಿದ್ದಂತೆ ತಮ್ಮನ ಮುಖ ಕಣ್ಣಿಗೆ ಕಟ್ಟಿತು, ನೆಲ ನೋಡುತ್ತಿದ್ದ ಆ ಮುಖ, ಆ ಕೆಂಪು ಕಿವಿ. ಗಂಡನ ಎದುರಿಗೆ, ಇಷ್ಟು ಜನರ ಎದುರಿಗೆ ತನ್ನ ಮುಖವೂ ಹಾಗಾಗುತ್ತದೆ ಎನಿಸಿತು.

"ಏನಾಗುತ್ತೆ?" ಎಂದಳು, ತಲೆ ಎತ್ತಿ. "ಹೇಗೋ ನಡೆಸ್ಕೊಂಡು ಹೋಗ್ತೀವಿ. ಇಷ್ಟು ವರ್ಷ ಯಾರು ಕೊಟ್ಟಿದ್ರು?"

ಆಕೆಯ ಮುಖ ಹಗುರಾಯಿತು. "ನಿಮ್ಮಂಥವ್ರನ್ನ ನೋಡಿದ್ರೆ ನಮಗೂ ಧೈರ್ಯ ಬರುತ್ತೆ" ಎಂದು ಕಣ್ಣಕ್ಕನ ಕೈ ಒತ್ತಿ, ಕುಂಟುತ್ತ ಹೊರಟಳು. ಕೈ ಜಾರಿ ಒಂದು ಕೆಟ್ಟ ಬಾಟಲಿ ದಾಟಿಹೋದರೆ ಪಟ್ಟಿಯ ಹಿಂದೆ ಓಡಿ ಹಿಡಿದು ತರುವುದು ಕಣ್ಣಕ್ಕನಿಗೆ ಅಭ್ಯಾಸ. ಅವತ್ತೂ ಸ್ಟೂಲಿನಿಂದ ಎದ್ದಳು, ಬಾಗಿಲಿನವರೆಗೆ ಹೋದಳು. ಅಷ್ಟರಲ್ಲಿ ಮ್ಯಾನೇಜರು ಟೀ ತಟ್ಟೆ ಹಿಡಿದು ಅಡ್ಡ ಬಂದರು, ಸಮಿತಿ ಅವರ ಹಿಂದೆ ಆಫೀಸಿನೊಳಗೆ ಹೋಯಿತು, ಬಾಗಿಲು ಮುಚ್ಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತೀರ್ಮಾನ ಗೊತ್ತಾದದ್ದು ಮೂಲೆ ಅಂಗಡಿಯ ಟಿವಿಯಲ್ಲಿ. ಮಧ್ಯಾಹ್ನ ಬೀದಿಯೆಲ್ಲ ಅಲ್ಲಿ ಸೇರಿತ್ತು. ಮಂತ್ರಿಯೊಬ್ಬರು ಕಾಣಿಸಿಕೊಂಡು, ಖಜಾನೆಯಲ್ಲಿ ಇರುವುದು ಕಡಿಮೆ, ಎಲ್ಲರನ್ನೂ ಎತ್ತುವುದು ಸಾಧ್ಯವಿಲ್ಲ, ಸ್ವಂತ ಕಾಲಿನ ಮೇಲೆ ನಿಲ್ಲುವ ಶಕ್ತಿ ಇರುವವರನ್ನು ನಿಲ್ಲಲು ಬಿಡಬೇಕು ಎಂದರು. ಪಕ್ಕದ ಊರಿನ ಬೂಟಿನ ಕಾರ್ಖಾನೆಗೆ ನೆರವು ಸಿಕ್ಕಿತ್ತು. ಅಲ್ಲಿನವರು ತುಕ್ಕು ಹಿಡಿದ ಯಂತ್ರಗಳ ನಡುವೆ ನೆಲದ ಮೇಲೆ ಕೂತು ಗೋಳೋ ಎಂದು ಅತ್ತಿದ್ದರಂತೆ. ಅಳುವ ಮಗುವಿಗೇ ಹಾಲು.

"ಒಂದು ಗಾಜಿನ ಕಾರ್ಖಾನೆ ಇದೆ" ಎಂದರು ಮಂತ್ರಿ. ಅಂಗಡಿಯವನು ಟಿವಿಯ ಸದ್ದು ಏರಿಸಿದ. "ನಮ್ಮ ಸಮಿತಿ ಹೋದಾಗ ಕುಲುಮೆ ಧಗಧಗ ಉರೀತಿತ್ತು. ಮೂರೂ ಸಾಲು ಓಡ್ತಿದ್ವು. ಅಲ್ಲಿನ ಒಬ್ಬ ಹಿರಿಯ ಹೆಣ್ಣುಮಗಳು ಏನು ಹೇಳಿದ್ರು ಗೊತ್ತಾ? ಹೇಗೋ ನಡೆಸ್ಕೊಂಡು ಹೋಗ್ತೀವಿ, ಇಷ್ಟು ವರ್ಷ ಯಾರು ಕೊಟ್ಟಿದ್ರು ಅಂದ್ರಂತೆ. ಇದು ನಮ್ಮ ಜನರ ಸ್ವಾಭಿಮಾನ! ಇಂಥ ಸ್ವಾಭಿಮಾನಕ್ಕೆ ನಾವು ಭಿಕ್ಷೆ ಕೊಟ್ಟು ಅವಮಾನ ಮಾಡೋದಿಲ್ಲ."

ಟಿವಿಯಲ್ಲಿ ಚಪ್ಪಾಳೆ ಬಿತ್ತು. ಅಂಗಡಿಯಲ್ಲಿ ಯಾರೋ ಹಲ್ಲು ಕಡಿದು, "ಯಾವಳು ಅವಳು?" ಎಂದರು. ಕಣ್ಣಕ್ಕ ಗಂಡನ ಪಕ್ಕದಲ್ಲೇ ನಿಂತಿದ್ದಳು. ಕಾಲಿನ ಕೆಳಗಿನ ನೆಲ ಕುಸಿದರೆ ಸಾಕು ಎಂದು ಬೇಡಿಕೊಂಡಳು. ಭೂಮಿ ಬಾಯಿಬಿಡಲಿಲ್ಲ, ಅವಳೂ ಬಾಯಿಬಿಡಲಿಲ್ಲ. ಸಮಿತಿಯವರು ಆ ದಿನ ಹಲವು ಹೆಂಗಸರನ್ನು ಮಾತಾಡಿಸಿದ್ದರು, ಗುಡುಗುವ ಯಂತ್ರಗಳ ನಡುವೆ ಯಾರು ಏನು ಹೇಳಿದರೆಂದು ಪಕ್ಕದವರಿಗೂ ಕೇಳಿಸಿರಲಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡಿಕೊಂಡರು. ಮರುದಿನದಿಂದ ಅವರ ನಡುವೆ ಮಾತೇ ಕಡಿಮೆಯಾಯಿತು.

ಮ್ಯಾನೇಜರು ಸಮಿತಿಯ ಕಚೇರಿಗೆ ಓಡಿ, ಅದು ಒಂದು ದಿನದ ಉರಿ, ನಂಬಿ ಎಂದು ಅಂಗಲಾಚಿದರು, ಕಾಲು ಹಿಡಿಯುವುದೊಂದು ಬಾಕಿ. "ಅವತ್ತು ಸುಳ್ಳು ತೋರಿಸಿದ್ರೋ, ಇವತ್ತು ಸುಳ್ಳು ಹೇಳ್ತಿದ್ದೀರೋ?" ಎಂದು ಕೇಳಿದರಂತೆ ಅಲ್ಲಿನವರು. ಮ್ಯಾನೇಜರು ಬರಿಗೈಯಲ್ಲಿ ವಾಪಸು ಬಂದರು. ಮುಕ್ಕಾಲು ಪಾಲು ಎಣ್ಣೆ ಆ ನಾಟಕಕ್ಕೇ ಸುಟ್ಟುಹೋಗಿತ್ತು. ಉಳಿದದ್ದು ಎಷ್ಟು ದಿನ ಬರುತ್ತದೆ? ತಡೆದು ನೋಡಿದ್ದರೆ ಇನ್ನೇನಾದರೂ ದಾರಿ ಹೊಳೆಯುತ್ತಿತ್ತೋ ಏನೋ. ಆ ಕಾಲವನ್ನು ಅವರೇ ಬೆಂಕಿಗೆ ಹಾಕಿದ್ದರು.

ಕುಲುಮೆಯ ಎಣ್ಣೆ ನಲ್ಲಿಯನ್ನು ಕೆಂಡಣ್ಣ ತಾನೇ ಮುಚ್ಚಿದ. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಮೊದಲು ತಳದ ರಂಧ್ರ ತೆಗೆದು, ಒಳಗಿನ ಗಾಜನ್ನು ನೀರಿನ ಗುಂಡಿಗೆ ಹರಿಯಬಿಟ್ಟರು. ಜೇನಿನಂತೆ ನಿಧಾನವಾಗಿ ಇಳಿದು, ನೀರು ಮುಟ್ಟಿದ ಕೂಡಲೇ ಸಿಡಿದು ಚೂರಾಯಿತು. ಎಷ್ಟೋ ವರ್ಷಗಳಿಂದ ಒಡೆದು, ಕರಗಿ, ಮತ್ತೆ ಬಾಟಲಿಯಾಗುತ್ತ ಬಂದ ಗಾಜು ಅದು, ಕಣ್ಣಕ್ಕನ ಮನೆಯ ಲೋಟಗಳೂ ಅದರಲ್ಲಿದ್ದವು. ಈ ಸಲ ಒಡೆದದ್ದು ಒಡೆದೇ ಉಳಿಯಿತು. ಕಿಂಡಿಯ ಬಿಳಿ ಹಳದಿಯಾಯಿತು, ಹಳದಿ ಕೆಂಪಾಯಿತು, ಆಮೇಲೆ ಅಲ್ಲಿ ಬಣ್ಣವೇ ಇರಲಿಲ್ಲ. ಕೆಂಡಣ್ಣ ಅಳಲಿಲ್ಲ. ಹುಬ್ಬಿಲ್ಲದ ಮುಖ ಆಗಲೂ ಆಶ್ಚರ್ಯಪಟ್ಟ ಹಾಗೆಯೇ ಇತ್ತು.

ಇಟ್ಟಿಗೆ ಬಿರಿಯುವ ಸದ್ದು ಹಿತ್ತಿಲ ಓಣಿಯವರೆಗೆ ಕೇಳಿಸುತ್ತಿತ್ತು. ಟಪ್ ಎನ್ನುತ್ತಿತ್ತು, ಬಹಳ ಹೊತ್ತು ಬಿಟ್ಟು ಮತ್ತೆ ಟಪ್. ಊಟಕ್ಕೆ ಕೂತ ಕೆಂಡಣ್ಣ ಪ್ರತಿ ಸದ್ದಿಗೂ ಕೈ ನಿಲ್ಲಿಸುತ್ತಿದ್ದ. ಆ ಸದ್ದು ನಿಂತ ಮೇಲೆ ಮನೆಯಲ್ಲಿ ಇನ್ನೊಂದು ಸದ್ದು ಶುರುವಾಯಿತು. "ನಾನೇ ಹಾಳು ಮಾಡ್ದೆ ಕಣೇ. ಸಣ್ಣ ಉರೀಲೇ ಬಿಡೋಣ್ವಾ ಅಂತ ಮ್ಯಾನೇಜರು ಕೇಳಿದ್ರು. ನಾನೇ ಪೂರ್ತಿ ಹಾಕ್ಸಿದ್ದು." ಹೀಗೆ ತನ್ನನ್ನೇ ಬೈದುಕೊಂಡು ಮುಗಿದ ಮೇಲೆ, "ಆದ್ರೂ ಅವಳು ಯಾರಿರಬಹುದು ಅಂತೀಯಾ?" ಎಂದು ಕೇಳುತ್ತಿದ್ದ. ಕಣ್ಣಕ್ಕ ಸೊಪ್ಪು ಬಿಡಿಸುತ್ತಲೋ ನೆಲ ಒರೆಸುತ್ತಲೋ ಇರುತ್ತಿದ್ದಳು. ಅವನು ಕರಗಿ ಕರಗಿ ಹೋಗುತ್ತಿದ್ದ. ಹೊರಗೆ ಹೋಗುವುದನ್ನು ಬಿಟ್ಟ, ಗಡ್ಡ ತೆಗೆಯುವುದನ್ನು ಬಿಟ್ಟ. ನೂರಾರು ಮನೆಗಳ ಶಾಪ ತನ್ನ ತಲೆಯ ಮೇಲಿದೆ ಎಂದು ನಂಬಿ ಕೂತಿದ್ದ. ಆ ಶಾಪದಲ್ಲಿ ದೊಡ್ಡ ಪಾಲು ತನ್ನದು ಎಂದು ಹೇಳಿ ಅವನ ಹೊರೆ ಇಳಿಸಬಹುದಾಗಿದ್ದವಳು ಅವಳೊಬ್ಬಳೇ. ಹೇಳಿದರೆ ಅವನು ತನ್ನ ಮುಖ ನೋಡುತ್ತಾನೋ ಇಲ್ಲವೋ ಎಂಬ ಭಯಕ್ಕೆ ಅವಳು ಇನ್ನಷ್ಟು ತಲೆ ಬಗ್ಗಿಸಿ ನೆಲ ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ತಮ್ಮ ಬಂದ. ಭಾವನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಾಗ ಕೆಂಡಣ್ಣ ಮತ್ತೆ ಅದೇ ಪ್ರಶ್ನೆ ತೆಗೆದ. ತಮ್ಮ ದಾರ ಕಚ್ಚಿ ತುಂಡು ಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಅಡುಗೆಮನೆಗೆ ಬಂದ.

"ಅಕ್ಕಾ, ಅದು ನೀನೇ ಅಲ್ವಾ?"

ಕಣ್ಣಕ್ಕ ಅವನ ಕಡೆ ತಿರುಗಿದಳು.

"ಆ ಮಾತು ಎಲ್ಲಿ ಕೇಳಿದ್ರೂ ನಾನು ಗುರುತು ಹಿಡೀತೀನಿ" ಎಂದ ಅವನು. ದನಿಯಲ್ಲಿ ಸೇಡಿರಲಿಲ್ಲ, ಅದೇ ಅವಳಿಗೆ ತಾಳಲಾಗಲಿಲ್ಲ. "ನನಗೇ ಹೇಳಿದ್ದಲ್ವಾ, ಹೇಗೋ ನಡೆಸ್ಕೊಂಡು ಹೋಗು ಅಂತ. ನಾನೂ ನಂಬಿ ಹೋದೆ."

"ಅವ್ರಿಗೆ ಹೇಳ್ತೀಯೇನೋ?"

"ನಾನ್ಯಾಕೆ ಹೇಳ್ಲಿ? ನೀನೇ ಹೇಳು. ಭಾವ ಹಿಂಗೇ ಕೂತ್ರೆ ಉಳಿಯಲ್ಲ" ಎಂದು ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ಕಣ್ಣಕ್ಕ ಹೊರಗೆ ಬಂದು ಗಂಡನ ಎದುರಿಗೆ ನೆಲದ ಮೇಲೆ ಕೂತಳು. "ನೋಡಿ" ಎಂದಳು. "ಟಿವೀಲಿ ಹೇಳಿದ್ರಲ್ಲ, ಆ ಹೆಂಗಸು. ಅದು ನಾನು. ಆ ಸಮಿತಿಯಾಕೆ ನನ್ನನ್ನ ಕೇಳಿದ್ಲು. ನಾನೇ ಹಂಗಂದೆ."

ಕೆಂಡಣ್ಣ ಅವಳನ್ನೇ ನೋಡಿದ. ಆಮೇಲೆ ಎಷ್ಟೋ ದಿನಗಳ ಮೇಲೆ ಮೊದಲ ಸಲ ಅವನ ತುಟಿಯಲ್ಲಿ ಒಂದು ಸಣ್ಣ ನಗು ಕಾಣಿಸಿತು. ಅವಳ ತಲೆಯ ಮೇಲೆ ಕೈಯಿಟ್ಟ.

"ಸುಮ್ನಿರೇ" ಎಂದ. "ನನಗೆ ಸಮಾಧಾನ ಆಗ್ಲಿ ಅಂತ ನಿನ್ನ ತಲೆ ಮೇಲೆ ಎಳ್ಕೋತಿದ್ದೀಯಾ. ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಜನ್ಮದಲ್ಲಿ ಒಂದು ಗುಳ್ಳೆ ಬಿಟ್ಟವಳಲ್ಲ ನೀನು, ಇಷ್ಟು ದೊಡ್ಡ ಒಡಕು ಕಣ್ಮುಂದೆ ಇಟ್ಕೊಂಡು ಚೆನ್ನಾಗಿದೆ ಅಂತೀಯಾ? ಯಾರು ನಂಬ್ತಾರೆ?"

"ನಿಜವಾಗ್ಲೂ..." ಎಂದಳು ಕಣ್ಣಕ್ಕ.

"ಬೇಡ" ಎಂದ ಅವನು. "ಮಾಡಿದ್ದು ನಾನು. ನನ್ನ ಪಾಪ ನಂಗಿರ್ಲಿ. ನೀನು ಒಂದು ಲೋಟ ನೀರು ಕೊಡು, ಸಾಕು."

ಅವಳು ಎದ್ದು ಒಳಗೆ ಹೋದಳು. ಲೋಟ ತೊಳೆದಳು. ಕಿಟಕಿಯಲ್ಲಿ ಬೇಕಾದಷ್ಟು ಬೆಳಕಿತ್ತು. ಲೋಟವನ್ನು ಬೆಳಕಿಗೆ ಹಿಡಿಯದೆ, ನೋಡದೆ, ಹಾಗೆಯೇ ನೀರು ತುಂಬಿ ತಂದು ಅವನ ಕೈಗೆ ಕೊಟ್ಟಳು.